ಓದುಗರ ಪ್ರಶ್ನೆಗಳು: ಆಟವು ಯಾವುದರ ಲೆಕ್ಕ ಇಡುತ್ತದೆ?

ಕಳೆದ ಸಂಚಿಕೆಯ ಟಿಪ್ಪಣಿಯೊಂದರಲ್ಲಿ, ವಿಡಿಯೊ ಗೇಮ್‌ಗಳಲ್ಲಿ ಕಥೆ ಹೇಳುವ ಕೆಲಸವನ್ನು ಪಾತ್ರಗಳ ಮಾತಿಗಿಂತ ಹೆಚ್ಚಾಗಿ ಆಟದ ಕಟ್ಟಳೆಗಳೇ ಮಾಡುತ್ತವೆ ಎಂದು ಬರೆದಿದ್ದೆ. ಅದಕ್ಕೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಬಂದ ಕೆಲವು ಪತ್ರಗಳನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಕೊಟ್ಟಿಲ್ಲ.

ಪ್ರಶ್ನೆ: ರಜೆಗೆ ಬಂದ ಮೊಮ್ಮಗ ಲ್ಯಾಪ್‌ಟಾಪಿನಲ್ಲಿ ಒಂದು ಆಟ ಆಡುತ್ತಿದ್ದ. ಗಡಿಠಾಣೆಯ ಕಿಟಕಿಯಲ್ಲಿ ಕುಳಿತು, ಬಂದವರ ಪಾಸ್‌ಪೋರ್ಟ್ ನೋಡಿ ಮುದ್ರೆ ಒತ್ತುವುದಷ್ಟೇ ಅದರಲ್ಲಿರುವ ಕೆಲಸ. "ತಾತ, ಇದು ಕಾದಂಬರಿ ಇದ್ದ ಹಾಗೆ" ಎಂದು ಅವನು ಹೇಳಿದ. ಮುದ್ರೆ ಒತ್ತುವುದರಲ್ಲಿ ಕಥೆ ಎಲ್ಲಿಂದ ಬಂತು? ಕಥೆಗೆ ಭಾಷೆ ಬೇಡವೇ?
— ನಿವೃತ್ತ ಕನ್ನಡ ಅಧ್ಯಾಪಕರು, ಹಾಸನ

ಉತ್ತರ: ಮೇಷ್ಟ್ರೇ, ಲ್ಯಾಪ್‌ಟಾಪಿನ ಬಳಿಗೆ ಹೋಗುವ ಮೊದಲು ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕಾಬಾರದ ಮನೆಗಳನ್ನು ನೆನಪಿಸಿಕೊಳ್ಳಿ. ಕವಡೆಯನ್ನೋ ಹುಣಸೆಬೀಜವನ್ನೋ ಹಾಕಿ ಕಾಯಿ ನಡೆಸುತ್ತ ಹೊರಸುತ್ತನ್ನು ಮುಗಿಸಿದರೂ, ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದ ಹೊರತು ಒಳಸುತ್ತಿಗೆ ಪ್ರವೇಶವಿಲ್ಲ. ಯಾರ ತಂಟೆಗೂ ಹೋಗದೆ ಹಣ್ಣಾಗಬೇಕೆಂದುಕೊಂಡ ಸಾಧು ಸ್ವಭಾವದ ಅಜ್ಜಿಯೂ ಒಂದು ಹಂತದಲ್ಲಿ ಮೊಮ್ಮಗಳ ಕಾಯನ್ನು ಹೊಡೆದು ಮೊದಲಿನ ಮನೆಗೆ ಕಳಿಸಲೇಬೇಕಾಗುತ್ತದೆ. ಇನ್ನೊಬ್ಬರನ್ನು ಹಿಂದಕ್ಕೆ ದೂಡದೆ ನೀನು ಮನೆ ಸೇರಲಾರೆ ಎಂಬ ಕಠಿಣವಾದ ಮಾತನ್ನು ಆ ಆಟ ಒಂದಕ್ಷರವನ್ನೂ ಬಳಸದೆ ಹೇಳುತ್ತದೆ. ಆಡಿದವರು ಅದನ್ನು ಕೇಳಿ ತಿಳಿದಿರುವುದಿಲ್ಲ. ತಮ್ಮ ಕೈಯಾರೆ ಮಾಡಿ ತಿಳಿದಿರುತ್ತಾರೆ.

ನಿಮ್ಮ ಮೊಮ್ಮಗ ಆಡುತ್ತಿದ್ದುದು ಲ್ಯೂಕಸ್ ಪೋಪ್ 2013ರಲ್ಲಿ ಹೊರತಂದ 'ಪೇಪರ್ಸ್, ಪ್ಲೀಸ್' ಇರಬೇಕು. ಕಾಲ 1982, ಆರ್ಸ್ಟೋಟ್ಸ್ಕಾ ಎಂಬ ಕಾಲ್ಪನಿಕ ದೇಶ, ಆಗಷ್ಟೇ ಮುಗಿದ ಯುದ್ಧದ ನಂತರ ತೆರೆದ ಗಡಿ. ಕಾಗದಪತ್ರ ಸರಿಯಿದ್ದವರನ್ನು ಒಳಗೆ ಬಿಟ್ಟು, ಸರಿಯಿಲ್ಲದವರನ್ನು ತಡೆದರೆ ತಲೆಗೆ 5ರ ಲೆಕ್ಕದಲ್ಲಿ ಕೂಲಿ ಸಿಗುತ್ತದೆ. ಗಡಿಯಾರ ಓಡುತ್ತಲೇ ಇರುತ್ತದೆ, ಹಾಗಾಗಿ ಹೆಚ್ಚು ಜನರನ್ನು ನೋಡಿದಷ್ಟೂ ಹೆಚ್ಚು ಸಂಪಾದನೆ. ದಿನವೊಂದರಲ್ಲಿ ಮೊದಲ ಎರಡು ತಪ್ಪಿಗೆ ಎಚ್ಚರಿಕೆಯ ಚೀಟಿ ಮಾತ್ರ ಬರುತ್ತದೆ. ಮೂರನೆಯದರಿಂದ ಸಂಬಳದಲ್ಲಿ ಕಡಿತ. ಸಂಜೆ ಉಳಿದ ಹಣವನ್ನು ಬಾಡಿಗೆಗೆ, ಊಟಕ್ಕೆ, ಮನೆ ಬೆಚ್ಚಗಿಡುವುದಕ್ಕೆ ಹಂಚಬೇಕು. ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ ಇದ್ದಾರೆ. ಹಸಿವು, ಚಳಿ, ಕಾಯಿಲೆಗಳು ಅವರ ಹೆಸರಿನ ಮುಂದೆ ಒಂದೊಂದು ಪದವಾಗಿ ಕಾಣಿಸುತ್ತವೆ, ಅಷ್ಟೇ.

ಒಂದು ದಿನ ಒಬ್ಬ ವ್ಯಕ್ತಿ ಸರಿಯಾದ ಕಾಗದಗಳೊಂದಿಗೆ ಬರುತ್ತಾನೆ, ಹಿಂದೆಯೇ ನಿಂತಿರುವ ತನ್ನ ಹೆಂಡತಿಯ ಬಗ್ಗೆ ದಯೆಯಿರಲಿ ಎಂದು ಕೇಳಿಕೊಂಡು ಒಳಗೆ ಹೋಗುತ್ತಾನೆ. ಆಕೆಯ ಬಳಿ ಪ್ರವೇಶದ ಪರವಾನಗಿ ಇಲ್ಲ. ಬಿಟ್ಟರೆ ಅದು ತಪ್ಪೆಂದು ದಾಖಲಾಗುತ್ತದೆ. ತಡೆದರೆ ಗಂಡ ಒಳಗೆ, ಹೆಂಡತಿ ಹೊರಗೆ. ಎರಡು ತಪ್ಪುಗಳಿಗೆ ದಂಡವಿಲ್ಲ ಎಂಬ ಸಣ್ಣ ಕಟ್ಟಳೆಯೇ ಈ ಆಟದ ಜೀವಾಳ ಎಂದು ನನಗೆ ಅನ್ನಿಸುವುದು ಇಲ್ಲಿ. ಆ ಎರಡು ಎಚ್ಚರಿಕೆಗಳು ಆಡುವವನ ಪಾಲಿಗೆ ದಿನದ ಕರುಣೆಯ ಗಂಟು. ಬೆಳಿಗ್ಗೆ ಅವಸರದಲ್ಲಿ ಒಂದು ದಿನಾಂಕವನ್ನೋ ಊರಿನ ಹೆಸರನ್ನೋ ಗಮನಿಸದೆ ಮುದ್ರೆ ಒತ್ತಿ ಆ ಗಂಟನ್ನು ಕಳೆದುಕೊಂಡಿದ್ದರೆ, ಮಧ್ಯಾಹ್ನ ಈ ಹೆಂಗಸು ಬಂದಾಗ ಅವಳನ್ನು ಬಿಡುವ ಬೆಲೆಯನ್ನು ಮನೆಯಲ್ಲಿ ಜ್ವರದಲ್ಲಿ ಮಲಗಿರುವ ಮಗನು ತೆರಬೇಕಾಗುತ್ತದೆ. ಬಡತನವು ಮನುಷ್ಯನ ಒಳ್ಳೆಯತನವನ್ನು ಹೇಗೆ ಹಿಂಡುತ್ತದೆ ಎಂಬುದನ್ನು ಕಾದಂಬರಿಕಾರರು ಅನೇಕ ಅಧ್ಯಾಯಗಳಲ್ಲಿ ಹೇಳಿದ್ದಾರೆ. ಇಲ್ಲಿ ಅದನ್ನು ಒಂದು ಕೂಲಿಯ ಲೆಕ್ಕ ಹೇಳುತ್ತದೆ, ಮತ್ತು ಮುದ್ರೆ ಒತ್ತಿದ ಕೈ ನಮ್ಮದೇ ಆಗಿರುತ್ತದೆ. ಈ ಆಟಕ್ಕೆ 20 ಬೇರೆ ಬೇರೆ ಮುಕ್ತಾಯಗಳಿವೆ. ಅವುಗಳಿಗಿಂತ ಸಂಜೆಯ ಆ ಖರ್ಚಿನ ಪಟ್ಟಿಯೇ ನನ್ನ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿದಿದೆ.

ಭಾಷೆ ಬೇಡವೇ ಎಂದು ಕೇಳಿದ್ದೀರಿ. ಅರ್ಥವಾಗುವ ಒಂದು ಮಾತೂ ಇಲ್ಲದ ಆಟವೊಂದನ್ನು ಹೇಳುತ್ತೇನೆ. ಸ್ವೀಡನ್ನಿನ ಚಲನಚಿತ್ರ ನಿರ್ದೇಶಕ ಜೋಸೆಫ್ ಫಾರೆಸ್ ಅವರ ನಿರ್ದೇಶನದಲ್ಲಿ 2013ರಲ್ಲಿ ಬಂದ 'ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್' ಎಂಬ ಆಟದಲ್ಲಿ ಅಣ್ಣತಮ್ಮಂದಿರಿಬ್ಬರು ಕಾಯಿಲೆಯ ತಂದೆಗಾಗಿ ಔಷಧ ತರಲು ಹೊರಡುತ್ತಾರೆ. ಅವರು ಆಡುವುದು ಯಾವ ದೇಶದ್ದೂ ಅಲ್ಲದ, ಕಟ್ಟಿದ ನುಡಿ. ಕಂಟ್ರೋಲರಿನ ಎಡಭಾಗ ಅಣ್ಣನದು, ಬಲಭಾಗ ತಮ್ಮನದು. ಹಾಗಾಗಿ ಆಡುವವನ ಎರಡು ಕೈಗಳೇ ಇಬ್ಬರು ಸೋದರರಾಗುತ್ತವೆ. ತಾಯಿ ನೀರಿನಲ್ಲಿ ಮುಳುಗಿ ಸತ್ತಿದ್ದರಿಂದ ತಮ್ಮನಿಗೆ ನೀರೆಂದರೆ ಭಯ. ಹೊಳೆ ಸಿಕ್ಕಾಗಲೆಲ್ಲ ಅಣ್ಣನ ಬೆನ್ನಿಗೆ ಅಂಟಿಕೊಂಡೇ ದಾಟುತ್ತಾನೆ. ಕಥೆಯ ಕೊನೆಯ ಭಾಗದಲ್ಲಿ ಅಣ್ಣ ಸಾಯುತ್ತಾನೆ. ಆಮೇಲೆ ಎಡಗೈಗೆ ಕೆಲಸವೇ ಇರುವುದಿಲ್ಲ. ಒಬ್ಬಂಟಿಯಾಗಿ ಔಷಧ ಹಿಡಿದು ಮನೆಯ ಹತ್ತಿರ ಬಂದ ತಮ್ಮನಿಗೆ ನೀರು ಅಡ್ಡ ಬರುತ್ತದೆ. ಅವನ ಬಟನ್ ಎಷ್ಟು ಒತ್ತಿದರೂ ಅವನು ಹೆಜ್ಜೆಯಿಡುವುದಿಲ್ಲ. ಬಹಳ ಹೊತ್ತು ಸುಮ್ಮನಿದ್ದ ಎಡಗೈಯಿಂದ ಅಣ್ಣನ ಬಟನನ್ನು ಒತ್ತಿದಾಗ ಮಾತ್ರ ಆ ಹುಡುಗ ಈಜುತ್ತಾನೆ.

ಸತ್ತವರ ಬಲ ಉಳಿದವರಲ್ಲಿ ಬದುಕುತ್ತದೆ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಬೆರಳು ಅದನ್ನು ತಾನಾಗಿ ಕಂಡುಕೊಳ್ಳುತ್ತದೆ. ತರಗತಿಯಲ್ಲಿ ಷಟ್ಪದಿಯನ್ನು ಓದುವಾಗ ಅರ್ಥ ಬಿಡಿಸುವ ಮೊದಲೇ ಅದರ ನಡೆ ಮಕ್ಕಳ ಮೈಗೆ ಏನನ್ನೋ ತಿಳಿಸಿರುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆಟದ ಕಟ್ಟಳೆ ಮಾಡುವ ಕೆಲಸ ಅದಕ್ಕೆ ಬಹಳ ಹತ್ತಿರದ್ದು.

ಪ್ರಶ್ನೆ: ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗ ದಿನಾ ಗುಂಡು ಹಾರಿಸುವ ಆಟ ಆಡುತ್ತಾನೆ. ಅದರಲ್ಲಿ ಸತ್ತವರು ಮರುಕ್ಷಣವೇ ಎದ್ದು ಬರುತ್ತಾರೆ. ಕೊಲ್ಲುವುದೆಂದರೆ ಏನೂ ಅಲ್ಲ ಎಂದು ಅವನಿಗೆ ಅನ್ನಿಸಿಬಿಡುತ್ತದೆಯೇ? ನೀತಿ ಕಲಿಸುವ ಆಟಗಳಿದ್ದರೆ ತಿಳಿಸಿ.
— ಒಬ್ಬ ತಾಯಿ, ಚಿಕ್ಕಮಗಳೂರು

ಉತ್ತರ: ಸತ್ತವರು ಮರುಕ್ಷಣವೇ ಎದ್ದು ಬರುತ್ತಾರೆ ಎಂಬುದನ್ನು ನೀವು ಗಮನಿಸಿದ್ದೀರಲ್ಲ, ಇಡೀ ವಿಷಯದ ಬೀಗದ ಕೈ ಅದೇ. ಅಂಥ ಆಟದಲ್ಲಿ ಸಾವು ಎಂಬ ಹೆಸರಿದ್ದರೂ ಕಟ್ಟಳೆಯ ದೃಷ್ಟಿಯಿಂದ ಅದು ಖೊಖೊದಲ್ಲಿ ಔಟಾದ ಹಾಗೆ. ಒಂದು ಸುತ್ತು ಹೊರಗೆ ಕುಳಿತು ಮತ್ತೆ ಬರುವುದು. ನಿಮ್ಮ ಮಗನ ಮನಸ್ಸಿನಲ್ಲಿಯೂ ಅದು ಹಾಗೆಯೇ ಇರುವ ಸಾಧ್ಯತೆ ಹೆಚ್ಚು. ಆ ಆಟ ಕೊಲೆಯ ಬಗ್ಗೆ ಏನನ್ನೂ ಹೇಳುತ್ತಿಲ್ಲ, ಏಕೆಂದರೆ ಸತ್ತವನ ಬಗ್ಗೆ ಅದು ಯಾವ ಲೆಕ್ಕವನ್ನೂ ಇಡುತ್ತಿಲ್ಲ. ನನಗೆ ಕೊರತೆಯಾಗಿ ಕಾಣುವುದು ಅದೇ.

ಲೆಕ್ಕ ಇಡುವ ಆಟಗಳಿವೆ. ಟೋಬಿ ಫಾಕ್ಸ್ 2015ರಲ್ಲಿ ಹೊರತಂದ 'ಅಂಡರ್‌ಟೇಲ್' ಮೇಲ್ನೋಟಕ್ಕೆ ರಾಕ್ಷಸರನ್ನು ಎದುರಿಸುವ ಹಳೆಯ ಮಾದರಿಯ ಆಟ. ಬೇರೆ ಆಟಗಳಲ್ಲಿ ಶತ್ರುವನ್ನು ಕೊಂದರೆ ಅನುಭವದ ಅಂಕ ಬರುತ್ತದೆ ಎಂದು ಮಕ್ಕಳಿಗೆಲ್ಲ ಗೊತ್ತು. ಇದರಲ್ಲಿಯೂ 'ಇಎಕ್ಸ್‌ಪಿ' ಎಂಬ ಅಂಕ ಬರುತ್ತದೆ, 'ಲವ್' ಎಂಬ ಮಟ್ಟ ಏರುತ್ತದೆ. ಆಟದ ಕೊನೆಯ ಹತ್ತಿರ ಒಂದು ಪಾತ್ರ ಆ ಅಕ್ಷರಗಳ ನಿಜವಾದ ಅರ್ಥವನ್ನು ತಿಳಿಸುತ್ತದೆ: ಮೊದಲನೆಯದು ಎಷ್ಟು ಜೀವ ತೆಗೆದೆ ಎಂಬುದರ ಅಂಕ, ಎರಡನೆಯದು ಹಿಂಸೆಯ ಮಟ್ಟ. ಎದುರು ಬರುವ ಪ್ರತಿಯೊಂದು ಜೀವಿಯನ್ನೂ ಮಾತನಾಡಿಸಿ, ಸಮಾಧಾನಪಡಿಸಿ, ಬಿಟ್ಟುಬಿಡುವ ದಾರಿ ಮೊದಲಿನಿಂದಲೂ ಇತ್ತೆಂಬುದು ಆಗ ನೆನಪಾಗಿ ಮನಸ್ಸು ಕಲಕುತ್ತದೆ. ಆರಂಭದಲ್ಲಿ ಟೋರಿಯಲ್ ಎಂಬ ತಾಯಿಯಂಥ ಪಾತ್ರವೊಂದು ದಾರಿ ತಡೆಯುತ್ತದೆ. ತಿಳಿಯದೆ ಅವಳನ್ನು ಕೊಂದು, ಪಶ್ಚಾತ್ತಾಪಪಟ್ಟು, ಉಳಿಸಿಟ್ಟ ಹಳೆಯ ಜಾಗದಿಂದ ಆಟವನ್ನು ಮತ್ತೆ ತೆರೆದು ಈ ಸಲ ಅವಳನ್ನು ಬದುಕಿಸಿದರೂ, ಮುಂದೆ ಸಿಗುವ ಫ್ಲವಿ ಎಂಬ ಹೂವು ನೀನು ಏನು ಮಾಡಿದ್ದೆಯೆಂದು ನನಗೆ ಗೊತ್ತು ಎನ್ನುತ್ತದೆ. ಅಳಿಸಿ ಬರೆಯುವ ಅವಕಾಶವನ್ನು ಬಹಳಷ್ಟು ಆಟಗಳು ಕೊಡುತ್ತವೆ. ಅಳಿಸಿದ್ದನ್ನು ನೆನಪಿಟ್ಟುಕೊಳ್ಳುವ ಆಟ ಅಪರೂಪ.

ನೀತಿ ಕಲಿಸುವುದಕ್ಕೆಂದೇ ಮಾಡಿದ ಆಟಗಳನ್ನು ನಾನು ಹೆಸರಿಸುವುದಿಲ್ಲ, ಏಕೆಂದರೆ ಅವುಗಳಲ್ಲಿ ಬಹಳಷ್ಟು ಒಳ್ಳೆಯ ಕೆಲಸಕ್ಕೆ ನಕ್ಷತ್ರ ಕೊಡುವುದರಲ್ಲೇ ಮುಗಿಯುತ್ತವೆ. ಅದರ ಬದಲು ಒಂದು ಸಂಜೆ ಮಗನ ಪಕ್ಕದಲ್ಲಿ ಕುಳಿತುಕೊಳ್ಳಿ, ಬೈಯಲು ಹೋಗಬೇಡಿ. "ಈ ಆಟ ಯಾವುದಕ್ಕೆ ಅಂಕ ಕೊಡುತ್ತದೆ? ಯಾವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ?" ಎಂದು ಕೇಳಿ. ಹದಿನಾಲ್ಕು ವರ್ಷದ ಹುಡುಗರು ಈ ಪ್ರಶ್ನೆಗೆ ದೊಡ್ಡವರಿಗಿಂತ ಸೂಕ್ಷ್ಮವಾಗಿ ಉತ್ತರಿಸುವುದನ್ನು ಕಂಡಿದ್ದೇನೆ. ಆಟದ ಮಾರಾಟದ ಪುಟದಲ್ಲಿ ಎಷ್ಟು ವಯಸ್ಸಿನವರಿಗೆ ತಕ್ಕದ್ದು ಎಂದು ನಮೂದಿಸಿರುತ್ತಾರೆ. ಕೊಡಿಸುವ ಮೊದಲು ಅದನ್ನು ನೋಡುವುದು ಅವಶ್ಯ.

ಪ್ರಶ್ನೆ: ಈ ಬಗೆಯ ಆಟಗಳನ್ನು ಆಡಲು ದುಬಾರಿ ಯಂತ್ರ ಬೇಕೇ? ನನ್ನ ಬಳಿ ಫೋನ್ ಮಾತ್ರ ಇದೆ.
— ಅಂಗಡಿ ನೌಕರ, ಅರಸೀಕೆರೆ

ಉತ್ತರ: ಬೇಕಿಲ್ಲ. 'ಪೇಪರ್ಸ್, ಪ್ಲೀಸ್' 2022ರಲ್ಲಿ ಫೋನಿಗೂ ಬಂದಿದೆ. ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ಹೊರತಂದ 'ದಿಸ್ ವಾರ್ ಆಫ್ ಮೈನ್' ಕೂಡ ಫೋನಿನಲ್ಲಿ ಸಿಗುತ್ತದೆ. 1992ರಿಂದ 1996ರವರೆಗೆ ಮುತ್ತಿಗೆಯಲ್ಲಿ ನರಳಿದ ಸರಾಯೆವೊ ನಗರದ ಜನರ ಬದುಕು ಅದಕ್ಕೆ ಪ್ರೇರಣೆ. ಅದರಲ್ಲಿ ನಾವು ಸೈನಿಕರಲ್ಲ, ಪಾಳುಮನೆಯಲ್ಲಿ ಅಡಗಿರುವ ಸಾಮಾನ್ಯರು. ರಾತ್ರಿ ಒಬ್ಬರು ಹೊರಗೆ ಹೋಗಿ ಆಹಾರ, ಔಷಧ ಹುಡುಕಿ ತರಬೇಕು. ಚೀಲದಲ್ಲಿ ಹಿಡಿಸುವಷ್ಟೇ ತರಬಹುದು. ವೃದ್ಧ ದಂಪತಿಗಳಿರುವ ಮನೆಯೊಂದು ಸಿಗುತ್ತದೆ. ಅವರು ತಡೆಯುವ ಶಕ್ತಿಯುಳ್ಳವರಲ್ಲ. ದೋಚಿ ಬಂದರೆ ಆಟ ದಂಡ ಹಾಕುವುದಿಲ್ಲ, ಆದರೆ ಮರುದಿನ ನಮ್ಮ ಮನೆಯವರು ಮಂಕಾಗುತ್ತಾರೆ. ಕೊರಗು ಹೆಚ್ಚಾದರೆ ಹೇಳಿದ ಕೆಲಸವನ್ನೂ ಮಾಡದೆ ಕುಳಿತುಬಿಡುತ್ತಾರೆ. ಮನಸ್ಸು ಭಾರವಾಗಿರುವ ದಿನಗಳಲ್ಲಿ ಇದನ್ನು ಆಡಬೇಡಿ ಎಂದು ಮಾತ್ರ ಹೇಳಬಯಸುತ್ತೇನೆ.

ಪ್ರಶ್ನೆ: ಕೆಲವು ಆಟಗಳಲ್ಲಿ ಒಳ್ಳೆಯದು ಮಾಡಿದರೆ ಪುಣ್ಯದ ಅಂಕ, ಕೆಟ್ಟದ್ದು ಮಾಡಿದರೆ ಪಾಪದ ಅಂಕ. ನಾನು ಯಾವಾಗಲೂ ಒಳ್ಳೆಯದನ್ನೇ ಆರಿಸುತ್ತೇನೆ, ಆದರೆ ಬಹುಮಾನಕ್ಕಾಗಿ ಎಂಬುದು ನನಗೇ ಗೊತ್ತು. ಇದು ನೀತಿಯೋ ವ್ಯಾಪಾರವೋ?
— ಪದವಿ ವಿದ್ಯಾರ್ಥಿ, ಹಾಸನ

ಉತ್ತರ: ವ್ಯಾಪಾರವೇ. ಅದು ನಿಮ್ಮ ದೋಷವಲ್ಲ, ಕಟ್ಟಳೆ ನಿಮ್ಮನ್ನು ವ್ಯಾಪಾರಿಯಾಗಿ ಕೂರಿಸಿದೆ. 2007ರ 'ಬಯೋಶಾಕ್' ಇದಕ್ಕೆ ಒಳ್ಳೆಯ ನಿದರ್ಶನ. ಸಮುದ್ರದಡಿಯ ಪಾಳು ನಗರವೊಂದರಲ್ಲಿ ಪುಟ್ಟ ಹುಡುಗಿಯರ ಮೈಯಲ್ಲಿ ಆಡಮ್ ಎಂಬ ದ್ರವ್ಯವಿರುತ್ತದೆ, ಅದಿಲ್ಲದೆ ನಾಯಕನ ಶಕ್ತಿ ಬೆಳೆಯದು. ಹುಡುಗಿಯನ್ನು ಕೊಂದು ತೆಗೆದರೆ 160, ಬದುಕಿಸಿ ಬಿಟ್ಟರೆ 80. ಇಲ್ಲಿಗೇ ನಿಲ್ಲಿಸಿದ್ದರೆ ಕರುಣೆಗೆ ಬೆಲೆಯಿರುತ್ತಿತ್ತು. ಆದರೆ ಮೂವರನ್ನು ಉಳಿಸಿದಾಗಲೆಲ್ಲ 200ರ ಉಡುಗೊರೆ ಬರುತ್ತದೆ. ಕೂಡಿ ನೋಡಿ: ಮೂವರನ್ನು ಕೊಂದವನಿಗೆ 480, ಉಳಿಸಿದವನಿಗೆ 440, ಅದರ ಜೊತೆಗೆ ಬೇರೆ ಕಾಣಿಕೆಗಳು. ಕರುಣೆಯಿಂದ ಏನನ್ನೋ ಕಳೆದುಕೊಳ್ಳುತ್ತಿದ್ದೇನೆ ಎಂದು ಆಡುವವನು ಭಾವಿಸಿದ ಕ್ಷಣದಲ್ಲೇ ಆಟ ಅದನ್ನು ಹಿಂದಿರುಗಿಸಿಬಿಟ್ಟಿರುತ್ತದೆ. ಗೇಮ್ ವಿನ್ಯಾಸಕಾರ ಕ್ಲಿಂಟ್ ಹಾಕಿಂಗ್ ಅದೇ ವರ್ಷ ಈ ಆಟದ ಬಗ್ಗೆ ಬರೆಯುತ್ತ, ಕಟ್ಟಳೆಯು ಸ್ವಾರ್ಥವನ್ನು ಆಯ್ದುಕೊಳ್ಳಲು ಬಿಡುತ್ತದೆ, ಕಥೆ ಮಾತ್ರ ಇನ್ನೊಬ್ಬನಿಗೆ ನೆರವಾಗುವುದನ್ನು ಬಿಟ್ಟು ಬೇರೆ ದಾರಿ ಕೊಡುವುದಿಲ್ಲ ಎಂದು ಆಕ್ಷೇಪಿಸಿದರು. ಆಟ ಮತ್ತು ಕಥೆ ಒಂದಕ್ಕೊಂದು ಹೊಂದದ ಈ ಸ್ಥಿತಿಗೆ ಅವರು ಕೊಟ್ಟ ಲೂಡೋನ್ಯಾರೇಟಿವ್ ಡಿಸೊನೆನ್ಸ್ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.

ಅದಕ್ಕಿಂತ 22 ವರ್ಷ ಹಿಂದೆ, 1985ರಲ್ಲಿ, ರಿಚರ್ಡ್ ಗ್ಯಾರಿಯಟ್ ರೂಪಿಸಿದ 'ಅಲ್ಟಿಮಾ 4' ಹೆಚ್ಚು ವಿವೇಕದಿಂದ ನಡೆದುಕೊಂಡಿತ್ತು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಸೋಲಿಸಬೇಕಾದ ಮಹಾದುಷ್ಟನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ತ್ಯಾಗ, ವಿನಯ ಮೊದಲಾದ ಎಂಟು ಗುಣಗಳನ್ನು ಸಾಧಿಸುವುದೇ ಗುರಿ. ಮೂಲಿಕೆ ಮಾರುವವರಿಗೆ ಕಣ್ಣು ಕಾಣುವುದಿಲ್ಲ. ಎಷ್ಟು ನಾಣ್ಯ ಕೊಡುತ್ತೇನೆಂದು ಕೊಳ್ಳುವವನೇ ನಮೂದಿಸಬೇಕು. ಕಡಿಮೆ ಕೊಟ್ಟರೂ ಮೂಲಿಕೆ ಕೈಗೆ ಬರುತ್ತದೆ, ಯಾರೂ ಬೈಯುವುದಿಲ್ಲ, ಪರದೆಯ ಮೇಲೆ ಯಾವ ಅಂಕವೂ ಇಳಿಯುವುದಿಲ್ಲ. ಗುಣಗಳ ಲೆಕ್ಕವನ್ನು ಆಟ ತನ್ನೊಳಗೇ ಇಟ್ಟುಕೊಂಡಿರುತ್ತದೆ. ಬಹಳ ದೂರ ನಡೆದ ಮೇಲೆ ಜ್ಞಾನಿಯೊಬ್ಬನ ಬಳಿ ಹೋಗಿ ನಾನು ಹೇಗಿದ್ದೇನೆ ಎಂದು ಕೇಳಿದಾಗ ಮಾತ್ರ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಯಾವ ಅಂಗಡಿಯಲ್ಲಿ ಎಷ್ಟು ವಂಚಿಸಿದೆವು ಎಂಬುದು ನಮಗೇ ಮರೆತಿರುತ್ತದೆ. ಅಂಕವನ್ನು ಕಣ್ಣಿಗೆ ಕಾಣದಂತೆ ಇಟ್ಟರೆ ವ್ಯಾಪಾರ ಮಾಡುವುದು ಕಷ್ಟ.

ನಮ್ಮಲ್ಲಿ ವೈಕುಂಠ ಏಕಾದಶಿಯ ಜಾಗರಣೆಗೆ ಹಿರಿಯರು ಆಡುತ್ತಿದ್ದ ಪರಮಪದ ಸೋಪಾನದ ಪಟವನ್ನು ನೀವು ನೋಡಿರಬಹುದು. ಗುಣಗಳಿಗೆ ಏಣಿ, ದೋಷಗಳಿಗೆ ಹಾವು. ಅಲ್ಲಿ ಆಡುವವನಿಗೆ ಆಯ್ಕೆಯೇ ಇಲ್ಲ, ದಾಳ ಬಿದ್ದಂತೆ ನಡೆಯಬೇಕು. ಆದ್ದರಿಂದ ಅದರಲ್ಲಿ ನೀತಿಯೇ ಇಲ್ಲ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಹುತೇಕ ಮೇಲೆ ತಲುಪಿದವನನ್ನು ಒಂದು ಅಹಂಕಾರದ ಹಾವು ಕೆಳಗೆ ತಂದು ಹಾಕುವಾಗ, ಇದು ನನ್ನ ಗಳಿಕೆಯಲ್ಲ ಎಂಬ ಅರಿವನ್ನು ಆ ಪಟ ಮೂಡಿಸುತ್ತದೆ. ಬಹುಮಾನದ ಲೆಕ್ಕಾಚಾರಕ್ಕೆ ಅಲ್ಲಿ ಜಾಗವೇ ಇಲ್ಲ. ನಿಮ್ಮ ಪ್ರಶ್ನೆಗೆ ಅದು ಹಳೆಯ ಕಾಲದ ಒಂದು ಉತ್ತರ.

ಪ್ರಶ್ನೆ: ಆಯ್ಕೆಯೇ ಕೊಡದೆ, ಕೆಟ್ಟ ಕೆಲಸವನ್ನು ನಮ್ಮಿಂದ ಮಾಡಿಸಿ, ಆಮೇಲೆ ನೀನು ಪಾಪಿ ಎನ್ನುವ ಆಟಗಳಿವೆ. ಇದು ಅನ್ಯಾಯವಲ್ಲವೇ?
— ಓದುಗರು, ಮೂಡಿಗೆರೆ

ಉತ್ತರ: ಕೆಲವೊಮ್ಮೆ ಅನ್ಯಾಯವೇ. 2012ರ 'ಸ್ಪೆಕ್ ಆಪ್ಸ್: ದಿ ಲೈನ್' ಆಟದಲ್ಲಿ ಬಿಳಿ ರಂಜಕದ ಶೆಲ್‌ಗಳನ್ನು ಹಾರಿಸದೆ ಮುಂದೆ ಹೋಗಲು ದಾರಿಯಿಲ್ಲ, ಹಾರಿಸಿದ ಮೇಲೆ, ಸುಟ್ಟುಹೋದವರಲ್ಲಿ ಆಶ್ರಯ ಪಡೆದಿದ್ದ ಸಾಮಾನ್ಯ ಜನರೂ ಇದ್ದರೆಂದು ತೋರಿಸುತ್ತಾರೆ. ಮುಂದೆ ಹೋಗಲೇಬೇಕೆಂದು ನೀನೇ ಹಟ ಹಿಡಿದೆಯಲ್ಲ ಎಂಬುದು ಅದರ ವಾದ. ಹಣ ಕೊಟ್ಟು ಕೊಂಡವನಿಗೆ ಆಟ ನಿಲ್ಲಿಸುವುದನ್ನೇ ಆಯ್ಕೆ ಎಂದು ತೋರಿಸುವುದು ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ, ಆ ದೃಶ್ಯ ನನ್ನನ್ನು ಕಲಕಿದ್ದು ನಿಜವಾದರೂ.

ಫುಮಿಟೊ ಉಯೆಡಾ ನಿರ್ದೇಶಿಸಿ 2005ರಲ್ಲಿ ಬಂದ 'ಶ್ಯಾಡೋ ಆಫ್ ದಿ ಕೊಲೋಸಸ್' ಇದೇ ಕೆಲಸವನ್ನು ಹೆಚ್ಚು ಗೌರವದಿಂದ ಮಾಡಿದೆ. ಸತ್ತ ಹುಡುಗಿಯೊಬ್ಬಳನ್ನು ಬದುಕಿಸಲು ಒಬ್ಬ ಯುವಕ 16 ಮಹಾಕಾಯಗಳನ್ನು ಕೊಲ್ಲಬೇಕು. ಅವು ಬಯಲಿನಲ್ಲಿ, ಕೆರೆಯಲ್ಲಿ ತಮ್ಮ ಪಾಡಿಗೆ ಇರುತ್ತವೆ. ಕೆಲವು ನಾವು ಕೆಣಕುವವರೆಗೂ ನಮ್ಮ ತಂಟೆಗೆ ಬರುವುದಿಲ್ಲ. ಅವುಗಳ ರೋಮ ಹಿಡಿದು ಹತ್ತಿ, ಕೈ ಸೋಲುವ ಮೊದಲು ಮರ್ಮಸ್ಥಾನಕ್ಕೆ ಕತ್ತಿ ಇರಿಯಬೇಕು. ಬಟನನ್ನು ಒತ್ತಿ ಹಿಡಿದೇ ಇರಬೇಕಾದ್ದರಿಂದ ಆಡುವವನ ಬೆರಳೂ ನೋಯುತ್ತದೆ, ಆ ಹಿಡಿತವೇ ಅವನ ಹಟದ ರೂಪ. ಬೇರೆ ಆಟಗಳಲ್ಲಿ ದೊಡ್ಡ ಶತ್ರು ಬಿದ್ದಾಗ ಜಯಭೇರಿ ಮೊಳಗುತ್ತದೆ. ಇಲ್ಲಿ ಶೋಕದ ಸಂಗೀತ ಕೇಳಿಸುತ್ತದೆ. ಒಂದೊಂದು ಮಹಾಕಾಯ ಬಿದ್ದ ಮೇಲೂ ಯುವಕನ ಮುಖ ಕಳೆಗುಂದುತ್ತ, ಮೈ ಕೊಳೆಯಾಗುತ್ತ ಹೋಗುತ್ತದೆ, ಅದನ್ನು ಯಾವ ಪಾತ್ರವೂ ಎತ್ತಿ ಹೇಳುವುದಿಲ್ಲ. ನೀನು ಪಾಪಿ ಎಂದು ಆಟ ಬೆರಳು ತೋರುವುದಿಲ್ಲ. ಗೆಲುವಿನ ಸಂತೋಷ ಬರಬೇಕಾದ ಜಾಗದಲ್ಲಿ ಅದು ಬರದಂತೆ ನೋಡಿಕೊಳ್ಳುತ್ತದೆ, ಉಳಿದದ್ದನ್ನು ನಮಗೆ ಬಿಡುತ್ತದೆ. ಆರೋಪಿಸುವ ಆಟಕ್ಕೂ ಸುಮ್ಮನೆ ಜೊತೆಯಲ್ಲಿ ನಡೆಯುವ ಆಟಕ್ಕೂ ಇರುವ ಈ ಅಂತರವನ್ನು ನೀವು ಸರಿಯಾಗಿಯೇ ಗುರುತಿಸಿದ್ದೀರಿ.

ಪ್ರಶ್ನೆ: ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ಮನೆ ಸಕಲೇಶಪುರ ತಾಲ್ಲೂಕಿನಲ್ಲಿ, ನಮ್ಮದು ಸಣ್ಣ ಕಾಫಿ ತೋಟ. ಆನೆಗಳ ವಿಷಯವಾಗಿ ಒಂದು ಗೇಮ್ ಮಾಡಬೇಕೆಂದಿದ್ದೇನೆ. ಸ್ನೇಹಿತರು ಆನೆ ಓಡಿಸುವ ಆಟ ಮಾಡು ಎನ್ನುತ್ತಾರೆ. ನನಗೆ ಅದು ಸರಿ ಕಾಣುತ್ತಿಲ್ಲ, ಆದರೆ ಬೇರೆ ಹೇಗೆ ಎಂದು ತಿಳಿಯುತ್ತಿಲ್ಲ.
— ಬೆಳೆಗಾರರ ಮಗ, ಸಕಲೇಶಪುರ

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸರಿ ಕಾಣುತ್ತಿಲ್ಲ ಎಂಬ ನಿಮ್ಮ ಅಳುಕಿನಲ್ಲಿಯೇ ಆಟದ ಬೀಜವಿದೆ. ಆನೆಯನ್ನು ಪರದೆಯ ಅಂಚಿನವರೆಗೆ ಓಡಿಸಿ ಅಂಕ ಗಳಿಸುವ ಆಟದಲ್ಲಿ, ಅಂಚು ದಾಟಿದ ಆನೆ ಇಲ್ಲವಾಗುತ್ತದೆ. ಸಕಲೇಶಪುರದಲ್ಲಿ, ಆಲೂರಿನಲ್ಲಿ ಅಂಚು ದಾಟಿದ ಆನೆ ಪಕ್ಕದವರ ಗದ್ದೆಗೆ ಹೋಗುತ್ತದೆ. ಆದ್ದರಿಂದ ಮೊದಲ ಕಟ್ಟಳೆ ಇದಾಗಿರಲಿ: ಆನೆ ಎಲ್ಲಿಗಾದರೂ ಹೋಗಲೇಬೇಕು, ಮತ್ತು ತಿನ್ನಲೇಬೇಕು. ಬೆಳೆದ ಆನೆಗೆ ದಿನಕ್ಕೆ ನೂರು ಕಿಲೋಗೂ ಹೆಚ್ಚು ಮೇವು ಬೇಕು. ಆಡುವವನು ಸೋಲಾರ್ ಬೇಲಿ ಹಾಕಿದರೆ, ಕಂದಕ ತೋಡಿಸಿದರೆ ಅವನ ತೋಟ ಉಳಿಯುತ್ತದೆ, ಹಿಂಡು ಬೇಲಿಯಿಲ್ಲದವನ ಕಡೆಗೆ ತಿರುಗುತ್ತದೆ. ಹೆಚ್ಚು ಹಣವಿದ್ದವನ ಬೇಲಿಯ ಬೆಲೆಯನ್ನು ಹಣವಿಲ್ಲದವನ ಭತ್ತ ತೆರುವುದನ್ನು ನೀವು ಯಾವ ಸಂಭಾಷಣೆಯನ್ನೂ ಬರೆಯದೆ ತೋರಿಸಬಹುದು. ನಾಲ್ಕು ಹಿಡುವಳಿಗಳ ಒಂದು ಸಣ್ಣ ನಕ್ಷೆ ಇದಕ್ಕೆ ಸಾಕು.

ತಿಂಗಳಿಗೆ ಒಂದು ಸುತ್ತಿನಂತೆ ವರ್ಷಕ್ಕೆ 12 ಸುತ್ತು ಇಟ್ಟುಕೊಳ್ಳಿ. ಹೂಮಳೆ, ಹಲಸು ಹಣ್ಣಾಗುವ ಕಾಲ, ಮಳೆಗಾಲ, ಭತ್ತ ಬಲಿಯುವ ಕಾಲ, ಕಾಫಿ ಹಣ್ಣು ಕುಯ್ಯುವ ಕಾಲ, ಇವು ಆಟದ ಗತಿಯನ್ನು ತಾವಾಗಿಯೇ ನಿರ್ಧರಿಸುತ್ತವೆ. ಭತ್ತ ಬಲಿತು ಆನೆಗಳು ಗದ್ದೆಗೆ ಇಳಿಯುವ ದಿನಗಳಲ್ಲೇ ಅರೇಬಿಕಾ ಕುಯ್ಲು ಶುರುವಾಗುತ್ತದೆ, ತೋಟದಲ್ಲಿ ಕೆಲಸದವರು ಹೆಚ್ಚಿರುತ್ತಾರೆ ಎಂಬುದು ನಿಮಗೆ ಮನೆಯ ಅನುಭವದಿಂದ ಗೊತ್ತು. ಹಗಲು ಹಿಂಡು ತೋಟದ ನೆರಳಲ್ಲೇ ನಿಂತಿರುತ್ತದೆ. ಮಂಜಿನ ಮುಂಜಾನೆ ನಡೆದು ಬರುವ ಕಾರ್ಮಿಕಳಿಗೆ ಅದು ಕಾಣಿಸದೆ ಹೋಗುವುದು ಆಗಲೇ. ಆಡುವವನ ಎದುರು ಆ ತಿಂಗಳು ಎರಡು ಲೆಕ್ಕಗಳು ಒಟ್ಟಿಗೆ ನಿಲ್ಲಬೇಕು: ಇವತ್ತು ಕೆಲಸ ನಿಲ್ಲಿಸಿದರೆ ಹಣ್ಣು ಉದುರುತ್ತದೆ, ನಿಲ್ಲಿಸದಿದ್ದರೆ ಯಾರೋ ಒಬ್ಬರು ಆ ದಾರಿಯಲ್ಲಿ ನಡೆಯುತ್ತಾರೆ.

ಇಲ್ಲಿ ಒಂದು ವಿಷಯದಲ್ಲಿ ಹಟ ಹಿಡಿಯಿರಿ ಎಂದು ಕೇಳಿಕೊಳ್ಳುತ್ತೇನೆ. ಸಾವನ್ನು ರೂಪಾಯಿಗೆ ಪರಿವರ್ತಿಸಬೇಡಿ. ಬೆಳೆ ನಷ್ಟ, ಬೇಲಿಯ ಖರ್ಚು, ಪರಿಹಾರ ಎಲ್ಲವೂ ಹಣದ ಲೆಕ್ಕದಲ್ಲಿರಲಿ. ಮನುಷ್ಯರ ಸಾವು ಮತ್ತು ಆನೆಯ ಸಾವು ಬೇರೆ ಪುಟದಲ್ಲಿರಲಿ, ಎಷ್ಟು ಹಣ ಸೇರಿಸಿದರೂ ಆ ಪುಟ ಖಾಲಿಯಾಗದಿರಲಿ. ಒಂದೇ ಮೊತ್ತಕ್ಕೆ ಕೂಡಿಸಿದರೆ ಆಡುವವನು ಎರಡನೆಯ ವರ್ಷದಲ್ಲಿ ಒಂದು ಸಾವು ಎಷ್ಟು ಮೂಟೆ ಕಾಫಿಗೆ ಸಮ ಎಂದು ಲೆಕ್ಕ ಹಾಕಲು ಆರಂಭಿಸುತ್ತಾನೆ. ಅವನು ಕೆಟ್ಟವನಾದ್ದರಿಂದ ಹಾಗೆ ಮಾಡುವುದಿಲ್ಲ, ಆಟ ಅವನಿಗೆ ಅದನ್ನೇ ಕಲಿಸಿರುತ್ತದೆ.

ಪಟಾಕಿಯೂ ಒಂದು ಬಟನ್ ಆಗಿರಲಿ, ಆದರೆ ಬಳಸಿದಷ್ಟೂ ಅದರ ಪರಿಣಾಮ ಕುಗ್ಗಲಿ. ಆನೆಗಳು ಸದ್ದಿಗೆ ಒಗ್ಗಿಕೊಳ್ಳುತ್ತವೆ. ಹಿಂಡು ಎಲ್ಲಿದೆಯೆಂದು ನೆರೆಯವರಿಗೆ ಮೊಬೈಲಿನಲ್ಲಿ ಸಂದೇಶ ಕಳಿಸುವುದಕ್ಕೆ ಆಡುವವನ ಒಂದಿಷ್ಟು ಸಮಯ ಹೋಗಲಿ, ಅದರಿಂದ ಅವನ ಸ್ವಂತ ತೋಟಕ್ಕೆ ಲಾಭವೇನೂ ಬರದಿರಲಿ. ಕಳಿಸುವವರು ಎಷ್ಟು ಮಂದಿ ಎಂದು ನೋಡಿ, ಕಳಿಸಿದವರಿಗೆ ಪದಕ ಕೊಡಬೇಡಿ.

ಆನೆ ಹಿಡಿಸುವ ಆಯ್ಕೆಯನ್ನು ಸೇರಿಸುವುದಾದರೆ ಅದನ್ನು ಸುಲಭ ಮಾಡಬೇಡಿ. 2023ರ ಡಿಸೆಂಬರ್ 4ರಂದು ಯಸಳೂರಿನ ಬಳಿ ಕಾಡಾನೆ ಸೆರೆಯ ಕಾರ್ಯಾಚರಣೆಯಲ್ಲಿ ಸಲಗದೊಡನೆ ಕಾದಾಡಿ ಅರ್ಜುನ ಸತ್ತದ್ದು ನಿಮ್ಮ ತಾಲ್ಲೂಕಿನಲ್ಲೇ. ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ ಅದು. ಹಿಡಿದು ಬೇರೆಡೆಗೆ ಸಾಗಿಸಿದ ಆನೆಗಳ ಜಾಗಕ್ಕೆ ಬೇರೆ ಆನೆಗಳು ಬಂದದ್ದನ್ನೂ ನಿಮ್ಮ ಹಿರಿಯರು ಹೇಳಬಲ್ಲರು. ಒಂದು ಆನೆಯನ್ನು ಹಿಡಿಸಿದ ಮೇಲೆ ಎರಡು ಮೂರು ಸುತ್ತು ನೆಮ್ಮದಿ ಸಿಗಲಿ, ಅನಂತರ ನಕ್ಷೆಯ ಇನ್ನೊಂದು ಅಂಚಿನಿಂದ ಹೊಸ ಹೆಜ್ಜೆಗುರುತು ಕಾಣಿಸಲಿ.

ತಾಂತ್ರಿಕವಾಗಿ ಗೊಡೋ ಎಂಬ ಉಚಿತ ಎಂಜಿನ್, ಅಂದರೆ ಆಟ ಕಟ್ಟುವ ತಂತ್ರಾಂಶ, ನಿಮಗೆ ಸಾಕು. 2023ರಲ್ಲಿ ಬಂದ ಅದರ 4ನೆಯ ಆವೃತ್ತಿಯಿಂದ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ, ಆದ್ದರಿಂದ ಆಟದ ಮಾತುಗಳನ್ನು ಕನ್ನಡದಲ್ಲೇ ಇಡಿ. ಆದರೆ ಕೋಡ್ ಬರೆಯುವ ಮೊದಲು ರಟ್ಟಿನ ಮೇಲೆ ನಾಲ್ಕು ಹಿಡುವಳಿಗಳನ್ನು ಬರೆದು, ಆನೆಗೆ ಹಲಸಿನ ಬೀಜ, ಬೇಲಿಗೆ ಕಡ್ಡಿ ಇಟ್ಟು, ಭತ್ತ ಬೆಳೆಯುವ ನೆರೆಯವರೊಬ್ಬರನ್ನೂ ನಿಮ್ಮ ತೋಟಕ್ಕೆ ಕೆಲಸಕ್ಕೆ ಬರುವವರೊಬ್ಬರನ್ನೂ ಕರೆದು ಆಡಿಸಿ. ಅವರು ಯಾವ ಸುತ್ತಿನಲ್ಲಿ ಮಾತು ನಿಲ್ಲಿಸುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಎರಡನೆಯ ಸಲ ಆಡುವಾಗ ಜಾಗ ಬದಲಿಸಿ, ಮುಂಜಾನೆ ತೋಟಕ್ಕೆ ನಡೆದು ಬರುವವಳ ಕಾಯನ್ನು ನೀವು ಹಿಡಿಯಿರಿ.